ನೀವು ಹೊಡೆದು ಹಾಕಿದ ಆ ಒಂದು ಸಾಲು

ಕಣ್ಣಿನ ವಿಭಾಗದ ಮುಖ್ಯಸ್ಥರೇ,

ನನ್ನ ಮಾವನವರ ಫೈಲಿನಲ್ಲಿ ನೀವು ಕೆಂಪು ಶಾಯಿಯಿಂದ ಹೊಡೆದು ಹಾಕಿದ ಒಂದು ಸಾಲನ್ನು ವಾಪಸ್ ಕೇಳಲು ಈ ಪತ್ರ. ನಿಮ್ಮ ಕೋಣೆಗೇ ಬಂದು ಮೂರು ಸಲ ಕೇಳಿದೆ. ಇನ್ನು ಊರೆಲ್ಲ ಓದಲಿ.

ನನಗೆ ಮದುವೆಯಾಗಿ ಎಪ್ಪತ್ತೊಂದು ದಿನ. ಹೌದು, ಎಣಿಸುತ್ತಿದ್ದೇನೆ, ಅಷ್ಟು ಖುಷಿ! ಗಂಡ ಶಿಶಿರ್ ಸಿಕ್ಕಿದ್ದಕ್ಕಿಂತ ಮಾವ ಯಜ್ಞನಾರಾಯಣ ಸಿಕ್ಕಿದ್ದಕ್ಕೆ ಒಂದು ತೂಕ ಹೆಚ್ಚೇ ಖುಷಿ. ವಿಮಾ ಕಚೇರಿಯಿಂದ ನಿವೃತ್ತರಾದ ಅವರು, ಇಂಗ್ಲಿಷ್ ಮೀಡಿಯಮ್ಮಿನ ನನ್ನ ಒತ್ತಕ್ಷರ ತಿದ್ದುತ್ತಾ "ತಪ್ಪಿದ್ರೂ ಸೊಸೆಗೆ ಪೂರ್ತಿ ಮಾರ್ಕ್ಸು" ಅನ್ನುವವರು. ಇತ್ತೀಚೆಗೆ ಪೇಪರ್ ಓದುವಾಗ ಅವರಿಗೆ ಸಾಲು ತಪ್ಪತೊಡಗಿತು. ಕನ್ನಡಕ ಬದಲಿಸಿದರಾಯಿತು ಎಂದು ನಿಮ್ಮ ಸರ್ಕಾರಿ ಆಸ್ಪತ್ರೆಗೆ ಕರೆತಂದೆ.

ನಿಮ್ಮ ಕಿರಿಯ ವೈದ್ಯ ಅರ್ಸಲಾನ್ ಕಣ್ಣಿನ ಹಿಂಬದಿಯ ಚಿತ್ರ ತೆಗೆದರು. ಅಲ್ಲಿನ ನರದ ಪದರ ವಯಸ್ಸಿಗೆ ಮೀರಿ ತೆಳುವಾಗಿತ್ತು. "ಗಾಬರಿ ಬೇಡ ಮೇಡಂ, ಇದಕ್ಕೆ ಬೇರೆ ಕಾರಣಗಳೂ ಇರ್ತವೆ. ಆದ್ರೆ ಮರೆವಿನ ಕಾಯಿಲೆ ಶುರುವಾದವರಲ್ಲೂ ಹೀಗೆ ಕಾಣೋದುಂಟು. ಮನೇಲಿ ಏನಾದ್ರೂ ಮರೀತಾರಾ?" ಎಂದರು. ಹೋದ ತಿಂಗಳು ಹಲಸೂರಿಗೆಂದು ಬಸ್ಸು ಹತ್ತಿದ ಮಾವ ವಿರುದ್ಧ ದಿಕ್ಕಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು, "ನಾನ್ಯಾಕಮ್ಮ ಇಲ್ಲಿಗೆ ಬಂದೆ?" ಎಂದು ಫೋನ್ ಮಾಡಿದ್ದರು. ನಾವೆಲ್ಲ ನಕ್ಕಿದ್ದೆವು. ಅರ್ಸಲಾನ್ ನಗಲಿಲ್ಲ. "ನೆನಪಿನ ಪರೀಕ್ಷೆಗೆ ಕಳುಹಿಸುವುದು" ಎಂದು ಬರೆದರು.

ನೀವು ಅದನ್ನು ಹೊಡೆದು ಪಕ್ಕದಲ್ಲಿ ಬರೆದಿರಿ: "ಈ ವಿಭಾಗಕ್ಕೆ ಸಂಬಂಧವಿಲ್ಲ." ಕಣ್ಣಿನ ನರ ಮಿದುಳಿನದೇ ಕವಲಲ್ಲವೇ, ಸ್ವಾಮಿ? ನಡುವೆ ಗೋಡೆ ಎಬ್ಬಿಸಿದ ಗುತ್ತಿಗೆದಾರರು ಯಾರು? ಕೇಳಲು ಬಂದರೆ, ನೀವು ತಲೆಯನ್ನೂ ಎತ್ತಲಿಲ್ಲ.

"ಪೇಷಂಟು ನಿಮಗೆ ಏನಾಗ್ಬೇಕು?"

"ಮಾವ, ಸರ್."

"ರಕ್ತ ಸಂಬಂಧ ಇಲ್ಲ ಅಂದ್ಹಾಗಾಯ್ತು. ಮಗನ್ನ ಕಳ್ಸಿ ಹೋಗಮ್ಮ."

ಎರಡೂ ಮನೆಯವರು ಜಾತಕ ಹಿಡಿದು ನಾಲ್ಕು ತಿಂಗಳು ಕೂತು ಕುದುರಿಸಿದ್ದಕ್ಕೆ ನಮ್ಮಲ್ಲಿ ಸಂಬಂಧ ಎಂದೇ ಹೆಸರು. ಅದು ನಿಮ್ಮ ಫೈಲಿಗೆ ಹಿಡಿಸಲಿಲ್ಲ. ರಜೆ ಹಾಕಿ ಮಗ ಬಂದ ದಿನ ನೀವೇ ಇರಲಿಲ್ಲ. ನಿಮ್ಮ ಸಹಿಯಿಲ್ಲದೆ ನರರೋಗ ವಿಭಾಗದವರು ಚೀಟಿಯನ್ನೇ ಮುಟ್ಟುವುದಿಲ್ಲ. ಇತ್ತ ಆ ಸಾಲು ಬರೆದ ತಪ್ಪಿಗೆ ಅರ್ಸಲಾನರನ್ನು ಕನ್ನಡಕದ ಕೌಂಟರಿಗೆ ತಳ್ಳಿದ್ದೀರಿ.

ಮಾವ ನಿನ್ನೆ ತಿಂಡಿ ತಿನ್ನುತ್ತಾ ಹೇಳಿದರು: "ಕಾಯಿಲೆ ಇದ್ರೆ ಇರ್ಲಿ ಕಣಮ್ಮ. ಅರ್ಥ ಆಗೋಷ್ಟು ಬುದ್ಧಿ ಇರೋವಾಗ್ಲೇ ನಂಗೆ ಗೊತ್ತಾಗ್ಲಿ." ನೀವು ಕದಿಯುತ್ತಿರುವುದು ಆ ದಿನಗಳನ್ನು.

ಸೋಮವಾರ ಹತ್ತು ಗಂಟೆಯೊಳಗೆ ಆ ಸಾಲನ್ನು ನಿಮ್ಮ ಕೈಯಾರೆ ಮತ್ತೆ ಬರೆದು ಸಹಿ ಹಾಕಿ. ಅರ್ಸಲಾನರನ್ನು ಅವರ ಕೋಣೆಗೆ ವಾಪಸ್ ಕಳುಹಿಸಿ. ಇಲ್ಲಿಯವರೆಗೆ ಇಂಥ ಎಷ್ಟು ಸಾಲುಗಳನ್ನು ಹೊಡೆದಿದ್ದೀರಿ ಎಂದು ಮಾಹಿತಿ ಹಕ್ಕಿನಡಿ ಆಗಲೇ ಕೇಳಿದ್ದೇನೆ. ಸಹಿ ಹಾಕಿದರೂ ಆ ಅರ್ಜಿ ಹಿಂದಕ್ಕೆ ಪಡೆಯುವುದಿಲ್ಲ. ನಾನು ಬೇಗ ಕ್ಷಮಿಸುವವಳು ಎಂದು ಶಿಶಿರ್ ಎಲ್ಲರ ಬಳಿ ಹೇಳಿಕೊಂಡು ತಿರುಗುತ್ತಾರೆ. ಪಾಪ, ಅವರಿಗಿನ್ನೂ ನನ್ನ ಪರಿಚಯವಿಲ್ಲ.

ಇಂತಿ,
ಹನಿಮೂನ್ ಟಿಕೆಟ್ ರದ್ದು ಮಾಡಿಸಿ ನಿಮ್ಮ ಬಾಗಿಲ ಬೆಂಚಿನಲ್ಲಿ ಸೀಟು ಹಿಡಿದಿರುವ
ಆಶ್ರಿತಾ
ಜೀವನ್ ಬಿಮಾ ನಗರ