ನಡುರಾತ್ರಿಯ ಹಗಲು

ಮಾರ್ಚ್ ೪. ರಾತ್ರಿ ೨.೧೦
ಎಬ್ಬಿಸಿದ ಸದ್ದು: ಮಗು ಸದ್ದೇ ಮಾಡದಿದ್ದದ್ದು. ಲೈಟ್ ಹಾಕಿದೆ. ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ನಂಬಿಕೆ ಬರಲಿಲ್ಲ. ಇನ್ನಷ್ಟು ಹೊತ್ತು ನೋಡಿದೆ. ಉಸಿರಾಡುತ್ತಿದ್ದಾಳೆ. ಆರಿಸಿದೆ.
ಗೋಡೆಗುಂಟ ಸೋಯಾ ಕುಂಡಗಳು. ನನ್ನ ಪಿಎಚ್‌ಡಿ. ಬಾಣಂತನದ ರಜೆ, ಕಾಲೇಜಿಗೆ ಹೋಗಲಾಗದೆ ಮನೆಗೇ ತಂದದ್ದು. ಹಗಲು ಬಾಲ್ಕನಿ, ಸಂಜೆಗೆ ಮುಂಚೆಯೇ ಈ ಮಲಗುವ ಕೋಣೆ—ಮಗುವಿನ ನಿದ್ದೆಗೆಂದು ಹಾಕಿದ ಕಪ್ಪು ಪರದೆ, ಒಳ್ಳೆ ಕತ್ತಲೆ. ರಾತ್ರಿ ಉದ್ದವಾದರೆ ಸೋಯಾ ಹೂ ಬಿಡಬೇಕು. ಬಿಟ್ಟಿಲ್ಲ. ಬರೀ ಎಲೆ. ಸೊಪ್ಪಿನ ಅಂಗಡಿ ಇಡಬಹುದು.

ಮಾರ್ಚ್ ೬
ಗೈಡ್ ಮೇಡಂ ಫೋನ್. "ಏಪ್ರಿಲ್ ನಾಲ್ಕಕ್ಕೆ ನಾನೇ ಬಂದು ನೋಡ್ತೀನಮ್ಮ. ಒಂದಾದ್ರೂ ಹೂವಿರ್ಲಿ. ಇಲ್ಲಾಂದ್ರೆ ಎಕ್ಸ್‌ಟೆನ್ಷನ್‌ಗೆ ಯಾವ ಮುಖ ಇಟ್ಕೊಂಡು ಸಹಿ ಹಾಕ್ಲಿ?"
ಅಂದರೆ ಪಿಎಚ್‌ಡಿ ಅವಧಿ ಮುಂದಕ್ಕೆ ಹೋಗುವುದಿಲ್ಲ, ಇಷ್ಟು ವರ್ಷದ ಓದು ನೀರಿಗೆ.
ಅತ್ತೆ ಗಿಡಗಳನ್ನು ಮೇಲಿಂದ ಕೆಳಗೆ ನೋಡಿ, "ಮೈ ಬಂದಿದೆ, ಬುದ್ಧಿ ಬಂದಿಲ್ಲ" ಎಂದರು. ಗಿಡಕ್ಕೇ ಅಂದದ್ದು ಎಂದುಕೊಂಡೆ.

ಮಾರ್ಚ್ ೯. ರಾತ್ರಿ, ಗಂಟೆ ನೋಡಿಲ್ಲ
ಲೈಟ್ ಹಾಕಿದೆ. ನಮ್ಮವರು ದಿಂಬಿನಡಿ ತಲೆ ತೂರಿಸಿದರು. "ಆರ್ಸೇ! ದಿನಾ ನಡುರಾತ್ರೀಲಿ ಹಗಲು ಮಾಡ್ತೀಯಲ್ಲ, ನಾವು ಮಲಗೋದ್ ಬೇಡ್ವಾ?"
ಕೈ ಸ್ವಿಚ್ಚಿನ ಮೇಲೆ ಹಾಗೇ ನಿಂತಿತು.
ನಡುರಾತ್ರಿ ಹಗಲು... ನನ್ನ ಬುದ್ಧಿಗಿಷ್ಟು! ಎಲೆಯೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ರಾತ್ರಿಯನ್ನು ಅಳೆಯುತ್ತದೆ. ಮಧ್ಯೆ ತುಸು ಹೊತ್ತು ಬೆಳಕು ಬಿದ್ದರೂ ಅಳತೆ ಕೆಟ್ಟಿತು. ಉದ್ದದ ಒಂದು ರಾತ್ರಿ ಗಿಡದ ಪಾಲಿಗೆ ಗಿಡ್ಡವಾದ ಎರಡು ರಾತ್ರಿ. ಹೂವಿನ ಮಾತೇ ಇಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನೇ ಪಾಠ ಮಾಡಿದವಳು ನಾನು! ಗೊಬ್ಬರವನ್ನು ಬೈದೆ, ಬೀಜವನ್ನು ಬೈದೆ, ಬೀಜ ಕೊಟ್ಟವರನ್ನೂ ಬಿಡಲಿಲ್ಲ.
ಕುಂಡ ಹಾಲ್‌ಗೆ ಸಾಗಿಸೋಣವೆಂದರೆ ಬೀದಿದೀಪ. ಮಗುವನ್ನು ಸಾಗಿಸೋಣವೆಂದರೆ ಅಲ್ಲಿ ಅತ್ತೆಯ ಗೊರಕೆ.

ಮಾರ್ಚ್ ೧೧
ನಿನ್ನೆ ನಮ್ಮವರು ಬಲ್ಬೇ ಬಿಚ್ಚಿಟ್ಟರು. "ನಿನ್ ಕೈ ಮೇಲೆ ನಂಗೆ ನಂಬ್ಕೆ ಇಲ್ಲ."
ಈಗ ಕತ್ತಲಲ್ಲೇ ಮಗುವಿನ ಮೂಗಿನಡಿ ಬೆರಳಿಟ್ಟು ನೋಡುವುದು. ರಾತ್ರಿ ಬೆರಳಿಗೆ ಮೀಸೆ ಸಿಕ್ಕಿತು. ಕಿರುಚಿಬಿಟ್ಟೆ. ಮನೆಯೆಲ್ಲ ಎದ್ದಿತು. ಮಗು ಏಳಲಿಲ್ಲ.

ಮಾರ್ಚ್ ೨೬
ಎಲೆಯ ಕಂಕುಳಲ್ಲಿ ಏನೋ ಉಬ್ಬಿದೆ. ರೆಂಬೆಯ ಮೊಗ್ಗೋ, ಹೂವಿನ ಮೊಗ್ಗೋ? ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಬಿಡಿಸಿದರೆ ಕಥೆ ಮುಗಿಯಿತು.
ಮಗು ಅಂಬೆಗಾಲಿಡುತ್ತಿದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಏಪ್ರಿಲ್ ೩
ಹೂವು! ಒಂದೇ ಒಂದು. ನೇರಳೆ. ಅತ್ತೆ ಕನ್ನಡಕ ಹಾಕಿಕೊಂಡು ಹುಡುಕಿದರು. "ಇಷ್ಟೇ ಇಷ್ಟಕ್ಕಾ ನಮ್ಮನ್ನೆಲ್ಲ ಕತ್ಲಲ್ಲಿ ಕೂರಿಸಿದ್ದು?"
ಮೇಡಂಗೆ ಫೋಟೋ ಕಳಿಸಿದೆ. "ಫೋಟೋದಲ್ಲಿ ಯಾರ ಹೂವು ಬೇಕಾದ್ರೂ ಇರುತ್ತಮ್ಮ. ನಾಳೆ ಗಿಡದ ಮೇಲೇ ನೋಡ್ತೀನಿ."
ಒಂದು ರಾತ್ರಿ. ಒಂದೇ.

ಏಪ್ರಿಲ್ ೪. ಬೆಳಗಿನ ಜಾವ
ಕುಂಡ ಉರುಳಿದ ಸದ್ದು. ಹಾಸಿಗೆ ತಡವಿದೆ—ಮಗು ಇಲ್ಲ. ಮೊಬೈಲ್ ಟಾರ್ಚ್ ಹಾಕಿದೆ. ಗಿಡಗಳ ಮಧ್ಯೆ ಪಟ್ಟಾಗಿ ಕೂತು ಬಾಯಿ ಆಡಿಸುತ್ತಿದ್ದಾಳೆ.
ಬೆರಳು ಹಾಕಿ ತೆಗೆದೆ. ದೊಡ್ಡ ದಳ ಸಿಕ್ಕಿತು. ಪಕ್ಕದ ರೆಕ್ಕೆದಳ, ಒಂದು. ಮಿಕ್ಕದ್ದು—ಕೇಸರ, ಅಂಡಾಶಯ, ನನ್ನ ಎಕ್ಸ್‌ಟೆನ್ಷನ್—ಹೊಟ್ಟೆಗೆ. ನಗುತ್ತಾಳೆ ಬೇರೆ!
ಅತ್ತೆ: "ದನ ತಿನ್ನುತ್ತಪ್ಪ ಅದನ್ನ. ಏನಾಗಲ್ಲ, ಮಲಕೋ."
ನಮ್ಮವರು: "ಡಾಕ್ಟರಿಗೆ ಕೇಳೋಣ."
ಡಾಕ್ಟರಿಗೆ ಮಗು ಗೊತ್ತು, ಸೋಯಾ ಗೊತ್ತಿಲ್ಲ. ಗೊತ್ತಿರುವುದು ಮೇಡಂಗೆ. ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಮೆಸೇಜ್ ಹಾಕಬೇಕು, ಫೋನಿನಲ್ಲಿ ಬರೆದು ಬರೆದು ಅಳಿಸುತ್ತಿದ್ದೇನೆ, ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ—
ಮೇಡಂ, ಹೂವು ಬಿಟ್ಟಿತ್ತು, ದೇವರಾಣೆ. ಸಹಿ ಹಾಳಾಗಿ ಹೋಗಲಿ. ಎಂಟು ತಿಂಗಳ ಮಗು ಹಸಿ ಸೋಯಾ ಹೂವು ತಿಂದರೆ ಏನಾಗುತ್ತದೆ? ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ಪಕ್ಕದ ಕುಂಡದಲ್ಲಿ ಇನ್ನೊಂದು ಮೊಗ್ಗು ಬಿರಿಯುತ್ತಿದೆ ಮೇಡಂ, ಈಗಷ್ಟೇ ಕಂಡಿತು, ಇವಳಿಗೂ ಕಂಡಿದೆ, ಬೇಗ ಮಾಡಿ, ಅದನ್ನಾದರೂ ಗಿಡದ ಮೇಲೇ ಬಂದು ನೋಡಿ—