ಇನ್ನೊಬ್ಬರ ಹೆಸರಿಗೆ ಓ

ದಾಂಡೇಲಿ,
ಶಿವರಾತ್ರಿಯ ಮರುದಿನ, ೧೯೬೬

ನಮ್ಮ ತಿಪ್ಪಣ್ಣನಿಗೆ ಅತ್ತಿ ಗುರುಸಿದ್ದವ್ವನ ಆಶೀರ್ವಾದ.

ನಿನ್ನ ಹೆಸರು ತಿಪ್ಪಣ್ಣ ಅಲ್ಲ ಎನ್ನುವುದು ನನಗೆ ಗೊತ್ತಿದೆ. ನನ್ನ ಬುದ್ಧಿ ಇನ್ನೂ ಕೆಟ್ಟಿಲ್ಲ. ತೇರಗಾಂವದ ಮನೆಯಲ್ಲಿ ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಹೆಸರು ಕೂಗಿದವಳೇ ನಾನು. ಸೋದರತ್ತೆಯ ಹಕ್ಕು ಅದು. ಆದರೂ ಇವತ್ತಿನಿಂದ ನೀನು ನನಗೆ ತಿಪ್ಪಣ್ಣ. ಲಕೋಟೆಯ ಮೇಲೂ ಹೆಸರು ಬರೆದಿಲ್ಲ, ಹಾಸ್ಟೆಲ್ಲಿನ ಕೋಣೆಯ ನಂಬರಷ್ಟೇ ಹಾಕಿದ್ದೇನೆ. ಯಾಕೆ ಏನು ಎನ್ನದೆ ಮುಂದೆ ಓದು.

ನಿನ್ನ ಪತ್ರ ಮುಟ್ಟಿತು. ಅಪ್ಪನಿಗೆ ತೋರಿಸಬೇಡ ಎಂದು ಬರೆದಿದ್ದೀ, ತೋರಿಸಿಲ್ಲ. ತೋರಿಸಿದರೆ ನನ್ನ ತಮ್ಮ ಶಿವಲಿಂಗಪ್ಪ ಏನನ್ನುತ್ತಾನೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. "ನಾ ಮೊದಲ ಹೇಳಿದ್ದೆ, ಈ ಬಿ.ಎ. ಗಿ.ಎ. ನಮ್ಮ ಮನಿತನಕ್ಕ ಆಗಿಬರಂಗಿಲ್ಲ ಅಂತ. ಬಾ ಮಗನ, ಎತ್ತು ನಿನ್ನ ದಾರಿ ನೋಡಾಕತ್ತಾವು" ಎನ್ನುತ್ತಾನೆ. ಕಾಲೇಜು ಬಿಟ್ಟು ಬರುತ್ತೇನೆ ಎಂದು ನೀನು ಬರೆದಿದ್ದೀಯಲ್ಲ, ಅವನು ಕಿವಿ ತೆರೆದು ಕೂತಿರುವುದೇ ಆ ಮಾತಿಗೆ. ಪರೀಕ್ಷೆ ಬಾಗಿಲಲ್ಲಿ ನಿಂತಿದೆ. ಈಗ ಬಿಟ್ಟು ಬರುವುದೆಂದರೆ ಜೋಳ ಕೊಯ್ದು, ರಾಶಿ ಮಾಡದೆ, ಕಣದಲ್ಲೇ ಚೆಲ್ಲಿ ಬಂದ ಹಾಗೆ.

ಮೊದಲು ಬೈದು ಮುಗಿಸುತ್ತೇನೆ, ಆಮೇಲೆ ಮಾತು. ನಿದ್ದೆ ಬರುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಅನ್ನ ಸೇರುವುದಿಲ್ಲ, ಎದೆ ಡವಡವ ಅನ್ನುತ್ತದೆ ಎಂದು ಒಂದು ಪುಟ ತುಂಬ ಬರೆದಿದ್ದೀ. ಊಟ ಬಿಟ್ಟು ಬರೀ ಚಹಾ ಕುಡಿದು ಓದುವವನಿಗೆ ನಿದ್ದೆ ಎಲ್ಲಿಂದ ಬರಬೇಕೋ, ಕತ್ತೆ? ಡಾಕ್ಟರ ಟಾನಿಕ್ಕು ಕೊಟ್ಟನಂತೆ. ಆ ಸೀಸೆಯನ್ನು ಗಿಡದ ಬುಡಕ್ಕೆ ಸುರಿ, ಗಿಡವಾದರೂ ಬೆಳೆದೀತು. ನಾನು ಮೂರನೆಯ ಇಯತ್ತೆಯಲ್ಲಿ ಮಾಸ್ತರನ ಮೇಲೆ ಪಾಟಿ ಒಗೆದು ಸಾಲಿ ಬಿಟ್ಟವಳು. ನಿಮ್ಮ ಓದಿನ ಒಜ್ಜೆ ನನಗೆ ತಿಳಿಯುವುದಿಲ್ಲ, ಒಪ್ಪಿದೆ. ಆದರೆ ಒಜ್ಜೆ ಹೊತ್ತವನು ನಡುನಡುವೆ ಇಳಿಸಬೇಕು ಎನ್ನುವುದು ಎಮ್ಮೆ ಕಾಯುವವನಿಗೂ ತಿಳಿಯುತ್ತದೆ.

ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಾಶೆವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಾಳೆ. ಹಳಿಯಾಳದ ಮೇಲೆ ಧಾರವಾಡಕ್ಕೆ ಬರುವ ಬಸ್ಸಿನ ಕಂಡಕ್ಟರ ನಿನಗೆ ಮುಟ್ಟಿಸುತ್ತಾನೆ. ತಿನ್ನು. ಐತವಾರ ತಲೆಗೆ ಎಣ್ಣೆ ಒತ್ತಿಕೊಂಡು ಎರೆದುಕೋ. ಸಂಜೆಯಾದರೆ ಪುಸ್ತಕ ಮುಚ್ಚಿ ವಾಲಿಬಾಲ್ ಆಡು. ಗೆಳೆಯರು ಸಿನಿಮಾಕ್ಕೆ ಕರೆದರೆ ಹೋಗು, ನಮ್ಮತ್ತಿನೇ ಹೇಳ್ಯಾಳ ಅನ್ನು. ಒಬ್ಬನೇ ಮಾತ್ರ ಕೋಣೆಯಲ್ಲಿ ಕೂರಬೇಡ.

ಈಗ ಪತ್ರದ ಕೊನೆಗೆ ನೀನು ಸಣ್ಣ ಅಕ್ಷರದಲ್ಲಿ ಬರೆದ ಮಾತಿಗೆ ಬರುತ್ತೇನೆ. ಸಣ್ಣದಾಗಿ ಬರೆದರೆ ನಾನು ಓದುವುದಿಲ್ಲ ಎಂದುಕೊಂಡಿದ್ದೆಯೋ ಏನೋ. ಅದನ್ನೇ ಮೊದಲು ಓದಿದೆ.

ಅವತ್ತು ತಲೆ ಸಿಡಿಯುತ್ತಿತ್ತು ಎಂದು ನೀನು ಇತಿಹಾಸದ ಕ್ಲಾಸಿಗೆ ಹೋಗದೆ ಮಲಗಿದ್ದೆ. ಸಂಜೆ ನಿಮ್ಮ ಕ್ಲಾಸಿನ ಶಂಕ್ರಪ್ಪ ಬಂದು, "ಯಾಕಲೇ, ನೆಗಡಿ ಆಗೇತೇನು? ಹಾಜರಿ ಕರದ್ರ ಮೂಗಿನ್ಯಾಗ ಯೆಸ್ ಸರ್ ಅಂದಿ?" ಎಂದು ಕೇಳಿದ. ನಾನು ಕ್ಲಾಸಿಗೇ ಬಂದಿಲ್ಲ ಎಂದು ನೀನು ಹೇಳಿದರೆ ನಕ್ಕುಬಿಟ್ಟ. "ಹಿಂದಿನ ಬೆಂಚಿನ್ಯಾಗಿಂದ ಅಂದಿ, ಎಲ್ಲಾರೂ ಕೇಳೇವಿ. ತಿರುಗಿ ನೋಡೂದ್ರಾಗ ಕಳ್ಳನಂಗ ಓಡಿಹೋಗಿದ್ದಿ." ಮರುದಿನ ನೀನು ಬೇಕೆಂದೇ ಹೋಗಲಿಲ್ಲ. ಅವತ್ತೂ ನಿನ್ನ ಹಾಜರಿ ಬಿತ್ತು. ಅದೇ ಹಿಂದಿನ ಬೆಂಚು, ಅದೇ ಮೂಗಿನ ದನಿ.

ಮೂಗಿನಲ್ಲಿ ಮಾತಾಡುವವನು ನಿಮ್ಮ ಕೋಣೆಯಲ್ಲಿ ಒಬ್ಬನೇ ಇದ್ದ. ಅವನನ್ನು ದೀಪಾವಳಿಯ ಸೂಟಿಯಲ್ಲಿ ಮುಂಡಗೋಡದ ಮಣ್ಣಿಗೆ ಇಟ್ಟು ಬಂದಿದ್ದೇವೆ.

ಆ ಅಂದಾನೆಪ್ಪನನ್ನು ನೀನು ಅದೇ ಸೂಟಿಯಲ್ಲಿ ಇಲ್ಲಿಗೆ ಕರೆತಂದಾಗ ನನಗೆ ಸಿಟ್ಟೇ ಬಂದಿತ್ತು. ರೊಟ್ಟಿ ತಿನ್ನುವ ಗತಿ ನೋಡಿ ಕಾಶೆವ್ವ ಹಿಟ್ಟಿನ ಡಬ್ಬಿಯನ್ನೇ ಮುಚ್ಚಿಟ್ಟಳು. ಆದರೆ ಉಂಡ ಕೈ ಒಣಗುವ ಮೊದಲೇ ಬಾವಿಗೆ ಹೋಗಿ ಕೊಡ ತುಂಬಿದ, ಕಟ್ಟಿಗೆ ಒಡೆದ. ಕಾಗದದ ಗಿರಣಿಯ ಮಂದಿ ಉಂಡೆದ್ದ ಪಡಸಾಲೆಯನ್ನೂ ಗುಡಿಸಿದ. ಸಾಕೋ ಎಂದರೆ, "ನಾ ಯಾರ ಋಣಾನೂ ಇಟಗೊಳ್ಳಾಂವ ಅಲ್ರೀ ಅತ್ತಿ" ಎಂದ. ಅದೇ ದಿನ ನೀವಿಬ್ಬರೂ ಹಲ್ಲು ಕಿಸಿಯುತ್ತ ಆ ಕಳ್ಳಹಾಜರಿಯ ಪುರಾಣ ಬಿಚ್ಚಿದಿರಿ. ಉಳಿದ ಮಾಸ್ತರರು ನಂಬರು ಕರೆಯುತ್ತಾರೆ, ಇತಿಹಾಸದವರು ಮಾತ್ರ ಹೆಸರು ಕರೆಯುತ್ತಾರೆ, ಅದೂ ತಲೆ ಎತ್ತದೆ. ಅಂದಾನೆಪ್ಪ ಕ್ಯಾರಮ್ ಆಡುತ್ತ ಕೂತಿದ್ದರೆ ನೀನು ಅವನ ಹೆಸರಿಗೆ ಮೂಗಿನಲ್ಲಿ ಯೆಸ್ ಸರ್ ಎನ್ನುತ್ತಿದ್ದೆ. ಒಮ್ಮೆ ಮಾಸ್ತರರು ತಲೆ ಎತ್ತಿ ನೋಡಿ, "ನಿನಗ ಎರಡು ಬಾಯಿ ಅದಾವೇನಪಾ?" ಎಂದು ಹೊರಗೆ ನಿಲ್ಲಿಸಿದ್ದರಂತೆ. ಅದನ್ನೂ ದೊಡ್ಡ ಶೌರ್ಯದ ಹಾಗೆ ಹೇಳಿದೆ.

ಆಗ ನಾನು ಸೌಟು ಎತ್ತಿ ಬೈದದ್ದು ನೆನಪಿದೆಯೋ ಇಲ್ಲವೋ? "ಇನ್ನೊಬ್ಬರ ಹೆಸರಿಗೆ ಓ ಅನಬಾರ್ದೋ ಮಂಗ್ಯಾ! ಓ ಕೊಟ್ಟಾಂವ ಉಸರು ಕೊಟ್ಟಂಗ. ನಮ್ಮ ಹೆಸರು ಕರದ್ರೂ ಮುಸ್ಸಂಜಿ ಹೊತ್ತಿನ್ಯಾಗ ಮೂರನೇ ಸಲಕ್ಕ ಓ ಅನಬೇಕು" ಎಂದಿದ್ದೆ. ಅಂದಾನೆಪ್ಪ ನಕ್ಕ. "ಅತ್ತೀ, ನಮ್ಮ ಮಾಸ್ತರ ದೆವ್ವ ಅಲ್ರೀ. ದೆವ್ವ ಆಗಿದ್ರ ಪಾಠಾನರ ಛಲೋ ಹೇಳ್ತಿದ್ರು." ಆಮೇಲೆ ನಿನ್ನ ಹೆಗಲ ಮೇಲೆ ಕೈ ಹಾಕಿ, "ಇವಂದು ಓ ಋಣಾ ನನ್ನ ಮ್ಯಾಲ ಭಾಳ ಕುಂತೈತಿ. ಒಂದಿನ ಇವನ ಹಾಜರೀನೂ ನಾ ಹೇಳಿ ತೀರಸ್ತೇನಿ" ಎಂದ. ನಾನೂ ನಕ್ಕುಬಿಟ್ಟೆ.

ಮರುದಿನ ನೀವು ಕಾಳಿ ಹೊಳೆಗೆ ಹೋದಿರಿ. ನೀನು ಬಂಡೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ, ಅವನು ನೀರಿಗಿಳಿದ. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಭೋಂಗಾ ಕೂಗಿತು. ಅದು ಕೂಗುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ ಎನ್ನುವುದು ದಾಂಡೇಲಿಯ ಕೂಸಿಗೂ ಗೊತ್ತು. ಅವನು ನಿನ್ನನ್ನು ಕರೆದಿದ್ದರೂ ನಿನಗೆ ಕೇಳುತ್ತಿರಲಿಲ್ಲ. ನೀನು ಅದನ್ನೇ ತಲೆಯಲ್ಲಿ ಇಟ್ಟು ತಿರುವುತ್ತಿದ್ದೀ, ನನಗೆ ಗೊತ್ತು. ಬಿಡು ಅದನ್ನು. ಭೋಂಗಾ ನಿಂತ ಮೇಲೆ ಹೊಳೆ ಎಂದಿನಂತೆ ಹರಿಯುತ್ತಿತ್ತು, ಅವನು ಇರಲಿಲ್ಲ.

ನಿಜವಾದ ತಪ್ಪು ನಡೆದದ್ದು ಹೊಳೆಯಲ್ಲಿ ಅಲ್ಲ, ಕುಣಿಯ ಮುಂದೆ. ಅವರ ಮನೆತನದ ಪದ್ಧತಿ ನಿನಗೆ ಮೊದಲೇ ತಿಳಿಸಬೇಕಾಗಿತ್ತು, ಆ ಅಳುವಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಮಣ್ಣು ಎಳೆಯುವ ಮೊದಲು ಮನೆಯ ಹಿರಿಯನು ಸತ್ತವನ ಹೆಸರು ಹಿಡಿದು ಮೂರು ಸಲ ಕೂಗುತ್ತಾನೆ. ಮಂದಿಯೆಲ್ಲ ಬಾಯಿ ಮುಚ್ಚಿ ನಿಲ್ಲಬೇಕು. ಉತ್ತರ ಬರಲಿಲ್ಲ ಎಂದರೆ ಅವನು ಹೋದ, ಲೋಕದ ಲೆಕ್ಕ ಹರಿಯಿತು ಎಂದರ್ಥ. ಅವನ ದೊಡ್ಡಪ್ಪ ಮಲಕಪ್ಪ ವಿಭೂತಿಯ ಕೈಯೆತ್ತಿ, "ಅಂದಾನೆಪ್ಪಾ" ಎಂದು ಕೂಗಿದ. ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದಾಗ ನನ್ನ ಪಕ್ಕದಲ್ಲಿ ನಿಂತಿದ್ದ ನೀನು, ಕಣ್ಣು ಮುಚ್ಚಿಕೊಂಡೇ, ಮೂಗಿನಲ್ಲಿ, "ಯೆಸ್ ಸರ್" ಎಂದುಬಿಟ್ಟೆ.

ಮಣ್ಣು ಎಳೆಯುವವನ ಕೈಯಿಂದ ಸಲಿಕೆ ಜಾರಿತು. ಅಂದಾನೆಪ್ಪನ ತಾಯಿ ಮುದಕವ್ವ ಅಳು ನಿಲ್ಲಿಸಿ ನಿನ್ನ ಬಾಯನ್ನೇ ನೋಡಿದಳು. ನಾನು ಎಲ್ಲರೆದುರಿಗೇ ನಿನ್ನ ಕೆನ್ನೆಗೆ ಬಿಗಿದೆ. ನೀನು ಬೇಕೆಂದು ಅಂದವನಲ್ಲ, ಚಟ ಅಂದದ್ದು. ಮಲಕಪ್ಪನೂ ಒಳ್ಳೆಯವನು, "ಹುಡುಗರ ಪ್ರೀತಿ, ಇರಲಿ ಬಿಡ್ರಿ" ಎಂದು ಮಣ್ಣು ಎಳೆಸಿದ. ಆದರೆ ಅವನು ನಾಲ್ಕನೆಯ ಸಲ ಕೂಗಲಿಲ್ಲ. ಕೂಗಿ, ಮೌನ ಕೇಳಿಸಿಕೊಂಡು, ಆಮೇಲೆ ಮುಚ್ಚಬೇಕಾಗಿತ್ತು. ಅದು ಆಗಲಿಲ್ಲ.

ಅದನ್ನು ಈಗ ನಾನು ಮಾಡಿ ಬಂದಿದ್ದೇನೆ. ನಿನ್ನೆ ಶಿವರಾತ್ರಿ ಎಂದು ಖಾನಾವಳಿ ಮುಚ್ಚಿ, ನಸುಕಿನ ಬಸ್ಸು ಹಿಡಿದು, ಹಳಿಯಾಳದಲ್ಲಿ ಬದಲಿಸಿ, ಮುಂಡಗೋಡಕ್ಕೆ ಹೋದೆ. ಮುದಕವ್ವ ಎಮ್ಮೆ ಮೈ ತೊಳೆಯುತ್ತಿದ್ದಳು. ನನ್ನನ್ನು ನೋಡಿದ್ದೇ ಕೈ ಒರೆಸಿಕೊಂಡು ಮಗನ ಗದ್ದಿಗೆಯವರೆಗೆ ನನ್ನ ಹಿಂದೆಯೇ ಬಂದಳು. ಮಟಮಟ ಮಧ್ಯಾಹ್ನ. ಗದ್ದಿಗೆಯ ಮೇಲೆ ಆಗಲೇ ಗರಿಕೆ ಹುಟ್ಟಿದೆ. "ನೀವ ಕರೀರಿ ಅಕ್ಕಾರ" ಎಂದಳು, "ನಾ ಕರದ್ರ ನನಗ ಸುಮ್ಮನ ನಿಲ್ಲಾಕ ಆಗೂದಿಲ್ಲ." ನಾನು ಮೂರು ಸಲ, ನಡುವೆ ಉಸಿರು ಹಿಡಿದು, ಅಂದಾನೆಪ್ಪನನ್ನು ಕರೆದೆ. ಏನೂ ಇಲ್ಲ. ಬಿದಿರು ಕೂಡ ಕಿರ್ ಎನ್ನಲಿಲ್ಲ.

ಅಲ್ಲಿಗೆ ಮುಗಿಯಿತು. ಅವನ ಹೆಸರಿಗೆ ಇನ್ನು ಓ ಇಲ್ಲ. ನಿಮ್ಮ ಹಿಂದಿನ ಬೆಂಚಿನ ಆಟ ಆ ಶಂಕ್ರಪ್ಪನ ಮಂಗತನವೇ ಇರಬೇಕು. ಅವನನ್ನು ಹಿಡಿದು ಎರಡು ಬಿಗಿ, ಬೇಕಾದರೆ ನನ್ನ ಹೆಸರು ಹೇಳಿ ಬಿಗಿ. ಕಾಲೇಜು ಬಿಡುವ ಮಾತು ಇನ್ನೊಮ್ಮೆ ಬರೆದರೆ ನಾನೇ ಧಾರವಾಡಕ್ಕೆ ಬಂದು ಹಾಸ್ಟೆಲ್ಲಿನ ಅಂಗಳದಲ್ಲಿ ನಿನ್ನ ಮರ್ಯಾದೆ ತೆಗೆಯುತ್ತೇನೆ.

ಒಂದು ಮಾತು ಮಾತ್ರ ನಡೆಸಿಕೊಡು. ಇತಿಹಾಸದ ಕ್ಲಾಸು ಇನ್ನು ಒಂದನ್ನೂ ತಪ್ಪಿಸಬೇಡ. ಜ್ವರ ಬಂದರೆ ಕಂಬಳಿ ಹೊದ್ದು ಹೋಗು. ಮುಂದಿನ ಬೆಂಚಿನಲ್ಲಿ, ಮಾಸ್ತರರ ಕಣ್ಣೆದುರಿಗೆ ಕೂರು. ನಿನ್ನ ಹೆಸರು ಕರೆದ ಕೂಡಲೇ, ಅವರ ಬಾಯಿ ಮುಚ್ಚುವ ಮೊದಲೇ, ಗಟ್ಟಿಯಾಗಿ ನಿನ್ನ ಓ ನೀನೇ ಹೇಳು. ಮೂರನೆಯ ಕರೆಗೆ ಓ ಅನ್ನು ಎಂದು ನಾನೇ ಹೇಳಿದ್ದೆನಲ್ಲ, ಅದನ್ನು ಮರೆತುಬಿಡು. ಎಲ್ಲೇ ಇರು, ಯಾವ ಹೊತ್ತೇ ಇರಲಿ, ಮೊದಲ ಕರೆಗೇ ಓ ಅನ್ನು. ನಿನಗಿಂತ ಮುಂಚೆ ಬೇರೆ ಯಾರೂ ಅನ್ನದಂತೆ ನೋಡಿಕೋ. ಎಲ್ಲ ಮುಗಿದ ಮೇಲೆ ಇದು ಯಾಕೆ ಎಂದು ತರ್ಕ ಮಾಡಬೇಡ. ಹಿರಿಯಳು ಹೇಳುತ್ತಿದ್ದೇನೆ, ಮಾಡು.

ಪರೀಕ್ಷೆಯ ಹಾಲಿನಲ್ಲಿ ಹೆಸರು ಕರೆಯುವುದಿಲ್ಲ, ನಂಬರು ನೋಡಿ ಕೂರಿಸುತ್ತಾರೆ ಎಂದು ಇಲ್ಲಿ ಉಣ್ಣಲು ಬರುವ ಗಿರಣಿಯ ಗುಮಾಸ್ತನನ್ನು ಕೇಳಿ ತಿಳಿದುಕೊಂಡೆ. ಅದೊಂದು ನೆಮ್ಮದಿ. ಧೈರ್ಯವಾಗಿ ಬರೆ. ಕೊನೆಯ ಪೇಪರು ಮುಗಿದ ದಿನವೇ ಬಸ್ಸು ಹತ್ತು. ತೇರಗಾಂವಕ್ಕೆ ಹೋಗಬೇಡ, ನೆಟ್ಟಗೆ ಇಲ್ಲಿಗೆ ಬಾ. ಒಬ್ಬನೇ ಬರಬೇಡ, ಶಂಕ್ರಪ್ಪನನ್ನು ಕರೆದುಕೊಂಡು ಬಾ. ಬೈದಿದ್ದರೂ ಇರಲಿ, ಅವನಿಗೂ ಎರಡು ರೊಟ್ಟಿ ಹೆಚ್ಚು ಬಡಿಯುತ್ತೇನೆ.

ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗು ಎನ್ನುವ
ನಿನ್ನ ಸಿಡುಕಿನ ಅತ್ತಿ,
ಗುರುಸಿದ್ದವ್ವ

ತಾಜಾ ಕಲಂ: ಇದನ್ನು ಬರೆಯಬಾರದು ಎಂದಿದ್ದೆ. ಲಕೋಟೆಗೆ ಅಂಟು ಹಚ್ಚಲು ಕೂತಾಗ, ಕಾರಣ ಗೊತ್ತಿಲ್ಲದೆ ನೀನು ಒಂದು ದಿನ ಮೈಗಳ್ಳತನ ಮಾಡಿದರೆ ಏನು ಗತಿ ಎಂದು ತಿರುಗಿ ಕಾಗದ ತೆಗೆದೆ.

ಮುಂಡಗೋಡದಲ್ಲಿ ಅವನ ಹೆಸರಿಗೆ ಉತ್ತರ ಬರಲಿಲ್ಲ, ಅದು ನಿಜ. ತಿರುಗಿ ಹೊರಟೆವು. ನಾಲ್ಕು ಹೆಜ್ಜೆಗೆ ಕಲ್ಲು ಎಡವಿದೆ. ಎಡವಿದರೆ ಎಲ್ಲರೂ ಎವ್ವಾ ಎನ್ನುತ್ತಾರೆ. ನಾನು ನಿನ್ನ ಹೆಸರು ಕರೆಯುತ್ತೇನೆ, ನೀನು ಕೂಸಿದ್ದಾಗಿನಿಂದ ಹತ್ತಿದ ಚಟ. ನಿನಗೊಂದು ಚಟ, ನನಗೊಂದು ಚಟ. ನಿನ್ನ ಹೆಸರು ಬಾಯಿಂದ ಬಿತ್ತು. ಹಿಂದೆ, ಗರಿಕೆಯ ಅಡಿಯಿಂದ, ಮೂಗಿನಲ್ಲಿ, "ಯೆಸ್ ಸರ್" ಎಂದಿತು.

ಮುದಕವ್ವನೂ ಕೇಳಿದಳು. ಹೆದರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಹುಡುಗ ಯಾರ ಋಣಾನೂ ಇಟಗೊಳ್ಳಾಂವ ಅಲ್ರೀ ಅಕ್ಕಾರ" ಎಂದಳು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ.

ನಮ್ಮಲ್ಲಿ ಸಾವಿನ ಕಣ್ಣಿಗೆ ಬಿದ್ದ ಕೂಸಿಗೆ ತಿಪ್ಪೆಯ ಹೆಸರಿಡುತ್ತಾರೆ, ಹುಡುಕುವವರಿಗೆ ಸಿಗಬಾರದು ಎಂದು. ಅದಕ್ಕೇ ಈ ಪತ್ರದಲ್ಲಿ ನಿನ್ನ ಹೆಸರಿಲ್ಲ. ಯಾಕೆಂದರೆ ನಾನು ನಿನ್ನನ್ನು ಕರೆದದ್ದು ಒಂದೇ ಸಲ, ಯೆಸ್ ಸರ್ ಬಂದದ್ದು ಎರಡು ಸಲ. ಮೊದಲನೆಯದು ನನಗೆ. ಎರಡನೆಯದು ಸ್ವಲ್ಪ ತಡೆದು, ನಾವು ಬೇಲಿ ದಾಟುವಾಗ, ಬೇರೆ ಯಾರಿಗೋ. ಸತ್ತವರ ಲೋಕದಲ್ಲೂ ಯಾರೋ ನಿನ್ನ ಹೆಸರು ಕರೆಯುತ್ತಿದ್ದಾರೆ. ಅಂದಾನೆಪ್ಪ ನಿನ್ನ ಬದಲು ಹಾಜರಿ ಹೇಳುತ್ತಿದ್ದಾನೆ. ಆ ಮಾಸ್ತರ ಇನ್ನೂ ತಲೆ ಎತ್ತಿ ನೋಡಿಲ್ಲ, ತಿಪ್ಪಣ್ಣಾ.