ತಡ ಮಾಡಿದ್ದು ವಿಮಾನ, ಟೈಲರಲ್ಲ

ವಿಮಾನ ಪ್ರಯಾಣಿಕರ ದೂರು ಕೇಳೋ ಕುರ್ಚಿಯಲ್ಲಿ ಕೂತಿರೋ ಮಾನ್ಯರೇ,

ತಡ ಮಾಡಿದವನು ನಾನೇ ಅಂತ ಬರೆದು, ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ಕಳಿಸಿದೀರಿ. ಅದಕ್ಕೇ ಈ ಪತ್ರ. ನಿಮ್ಮ ಕಚೇರಿಗೆ ಅರ್ಜಿ ಬರೆದು ಸಾಕಾಯ್ತು, ಇನ್ನು ಊರಿಗೇ ಕೇಳಿಸೋ ಹಾಗೆ ಹೇಳ್ತೀನಿ. ನನ್ನ ಕೈಯಲ್ಲಿ ಕತ್ತರಿ ಇದೆ, ಹಾಗಾಗಿ ಫೋನಿಗೆ ಮಾತಾಡ್ತಾ ಹೋಗ್ತೀನಿ, ಮಗಳು ಟೈಪ್ ಮಾಡ್ತಾಳೆ. ಬೈಗುಳ ಮಾತ್ರ ಬಿಟ್ಟುಬಿಡ್ತೀನಿ ಅಂದಿದಾಳೆ. ಎಲ್ಲೆಲ್ಲಿ ವಾಕ್ಯ ಇದ್ದಕ್ಕಿದ್ದ ಹಾಗೆ ಗಿಡ್ಡ ಆಗಿದೆಯೋ, ಅಲ್ಲೇನಿತ್ತು ಅಂತ ನೀವೇ ಊಹಿಸ್ಕೊಳ್ಳಿ.

ನಾನು ಟೈಲರು. ತಡ ಮಾಡೋ ವಿದ್ಯೇಲಿ ನನಗೆ ಯಾವ ವಿಮಾನ ಕಂಪನಿಯೂ ಪಾಠ ಹೇಳಬೇಕಾಗಿಲ್ಲ. ಕರೆಂಟ್ ಇರಲಿಲ್ಲ, ಕಾಜಾ ಮಾಡೋನು ಬಂದಿಲ್ಲ, ಗುಂಡಿ ಒಂದು ಬಾಕಿ, ನಾಳೆ ಬನ್ನಿ. ಇದನ್ನೆಲ್ಲ ಅರೆದು ಕುಡಿದವನು ನಾನು. ಆದ್ರೆ ಸ್ವಾಮಿ, ನಾನು ಗಿರಾಕಿ ಮುಖ ನೋಡ್ಕೊಂಡು ಸುಳ್ಳು ಹೇಳ್ತೀನಿ, ಬೈದ್ರೆ ಬೈಸ್ಕೊಳ್ತೀನಿ. ‘ಗಿರಾಕಿನೇ ತಡವಾಗಿ ಬಂದ್ರು’ ಅಂತ ಇವತ್ತಿನವರೆಗೂ ಯಾರಿಗೂ ಬರೆದು ಕೊಟ್ಟಿಲ್ಲ. ಆ ಎತ್ತರಕ್ಕೆ ಏರೋಕೆ ರೆಕ್ಕೆ ಬೇಕು ಅಂತ ಈಗ ಗೊತ್ತಾಯ್ತು.

ನನ್ನ ಅಕ್ಕ ಇರೋದು ಕಡಲಾಚೆ. ಅವಳ ಮಗಳು, ಅವರು ಅಲ್ಲಿಗೆ ಹೋಗೋಕೆ ಮೊದಲು, ನನ್ನ ಕತ್ತರಿ ಪಕ್ಕದಲ್ಲೇ ಚೂರು ಬಟ್ಟೆ ಆಯ್ಕೊಂಡು ಬೆಳೆದವಳು. ಮದುವೆ ಗೊತ್ತಾದ ದಿನಾನೇ ಫೋನ್ ಮಾಡಿ, “ಮಾಮ, ನನ್ನ ಗೌನು ನೀನೇ ಹೊಲಿಬೇಕು” ಅಂದ್ಲು. ಹಿಂದಿನಿಂದ ಅಕ್ಕನ ದನಿ: “ಅವನ ಕೈಗೆ ಕೊಟ್ರೆ ನಿನ್ನ ಮಗಳ ಮದುವೆಗೆ ಸಿಗುತ್ತೆ ಕಣೇ!” ನನಗೆ ರೋಷ ಬಂತು. ಬೇರೆ ಗಿರಾಕಿಗಳ ಬಟ್ಟೆನೆಲ್ಲ ಮೂಲೆಗೆ ತಳ್ಳಿ, ಲೇಸು ಪೂರ್ತಿ ಕೈಯಲ್ಲೇ ಹೊಲಿದು, ಹೊರಡೋಕೆ ಮೊದಲೇ ಇಸ್ತ್ರಿ ಮಾಡಿ ಮುಗಿಸಿಬಿಟ್ಟೆ. ನನ್ನ ಹೆಂಡತಿ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದ್ಲು.

ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ವಿ. ಇನ್ನೇನು ಹತ್ತಬೇಕು, ರದ್ದು ಅಂದ್ರು.

“ಹವಾಮಾನ ಸರಿ ಇಲ್ಲ ಸರ್,” ಅಂದ್ಲು ಕೌಂಟರಿನ ಹುಡುಗಿ.

ಅವಳ ಬೆನ್ನ ಹಿಂದೆ ಗಾಜು. ಗಾಜಿನಾಚೆ ಬೇರೆ ಕಂಪನಿಗಳ ವಿಮಾನಗಳು ಒಂದರ ಹಿಂದೆ ಒಂದು ಹಾಯಾಗಿ ಏರ್ತಿವೆ. “ಯಾವ ಊರಿನ ಹವಾಮಾನಮ್ಮಾ?” ಅಂದೆ.

“ಮೇಲಿಂದ ಹಾಗೆ ಹೇಳಿದಾರೆ ಸರ್.”

“ಮೇಲಿಂದ ಅಂದ್ರೆ? ಆಕಾಶದಿಂದಲಾ, ಆಫೀಸಿಂದಲಾ?”

ಪಾಪ, ನಗು ತಡ್ಕೊಂಡ್ಲು. ಜನ ಕೂಗಾಡಿ ಕೂಗಾಡಿ ಸುಸ್ತು ಮಾಡಿದ ಮೇಲೆ ಅವಳೇ ಮೆಲ್ಲಗೆ, “ಪೈಲಟ್ ಇಲ್ಲ ಅಂಕಲ್, ಇನ್ನೊಂದು ವಿಮಾನಕ್ಕೆ ಕಳಿಸಿಬಿಟ್ಟಿದಾರೆ. ನೀವು ಇಲ್ಲೇ ಕೂತಿರಿ, ಎಲ್ಲೂ ಹೋಗಬೇಡಿ, ನಾವೇ ಕರೀತೀವಿ” ಅಂದ್ಲು. ಕೂತೆ. ಗೌನು ಸುಕ್ಕಾಗಬಾರದು ಅಂತ ಮಗು ಥರ ತೊಡೆ ಮೇಲೆ ಮಲಗಿಸ್ಕೊಂಡು ಕೂತೆ. ಒಂದು ಲೋಟ ನೀರು ಬೇಕಾ ಅಂತ ಕೇಳಿದವರಿಲ್ಲ. ಮಧ್ಯಾಹ್ನ ಇನ್ನೊಂದು ಕಟ್ಟಡದಿಂದ ಬದಲಿ ವಿಮಾನ ಹೋಯ್ತಂತೆ. ಅದರಲ್ಲಿ ನನ್ನ ಹೆಸರೂ ಇತ್ತಂತೆ. ಯಾರೂ ಕರೀಲಿಲ್ಲ, ಫೋನಿಗೆ ಒಂದು ಮೆಸೇಜೂ ಬರ್ಲಿಲ್ಲ. ಕೂತಿರು ಅಂದ ಜಾಗದಲ್ಲೇ ಕೂತಿದ್ದೆ ಸ್ವಾಮಿ, ಅದೇ ನನ್ನ ಅಪರಾಧ.

ನಾನು ಮುಂದಿನ ವಿಮಾನ ಹಿಡಿದು ತಲುಪೋ ಹೊತ್ತಿಗೆ ಮದುವೆ ಮುಗಿದಿತ್ತು. ಬಾಗಿಲಲ್ಲೇ ಅಕ್ಕ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ಲು. “ಬಂದ್ರಾ? ಕಾಜಾ ಬಾಕಿ ಇತ್ತಾ?”

“ಅಕ್ಕಾ, ವಿಮಾನ...”

“ಹೌದಪ್ಪಾ. ಆವಾಗೆಲ್ಲ ಕರೆಂಟು, ಈಗ ವಿಮಾನ.”

ಫೋಟೋ ತೋರಿಸಿದ್ರು. ಎಲ್ಲರೂ ಹುಡುಗಿಯ ಮುಖ ನೋಡ್ತಿದ್ರೆ ನನ್ನ ಕಣ್ಣು ಹೋಗಿದ್ದು ಬೆನ್ನಿಗೆ. ಬಾಡಿಗೆ ಗೌನು. ಸೊಂಟದ ಹತ್ರ ಸಡಿಲ ಅಂತ ಒಳಗಿಂದ ಸಾಲಾಗಿ ಪಿನ್ನು ಚುಚ್ಚಿದಾರೆ. ಅವಳು ಕೂರುವಾಗ ಹುಷಾರಾಗಿ ಕೂತಿದಾಳೆ. ಆ ಸಂಜೆ ರೂಮಲ್ಲಿ ನನಗೋಸ್ಕರ ನನ್ನ ಗೌನು ಒಂದು ಸಲ ಹಾಕ್ಕೊಂಡ್ಲು. ಮೈಗೆ ಅಂಟಿದ ಹಾಗೆ ಕೂತಿತ್ತು. ಅಕ್ಕ ಅದನ್ನ ಮಡಚಿ ನನ್ನ ಬ್ಯಾಗಿಗೇ ತುರುಕಿದ್ಲು. “ಮುಗಿದ ಮದುವೆಗೆ ಇದ್ಯಾಕೆ? ತಗೊಂಡ್ ಹೋಗು.”

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನಿಮ್ಮದೇ ಗೋಡೆ ಮೇಲೆ ಚೌಕಟ್ಟು ಹಾಕಿ ನೇತುಹಾಕಿದೀರಿ: ಕಂಪನಿ ತಪ್ಪಿಂದ ವಿಮಾನ ರದ್ದಾದ್ರೆ ಊಟ, ರೂಮು, ಪರಿಹಾರ ಪ್ರಯಾಣಿಕರ ಹಕ್ಕು. ಚೌಕಟ್ಟು ಚೆನ್ನಾಗಿದೆ. ಅದರ ಕೆಳಗೆ ಕೂತು ದೂರು ಬರೆದೆ. ತಿಂಗಳುಗಟ್ಟಲೆ ಆದ ಮೇಲೆ ಮೊಹರಿರೋ ಕಾಗದ ಬಂತು. ಸಂತೋಷದಲ್ಲಿ ಕನ್ನಡಕಾನೂ ಹುಡುಕದೆ ಫೋಟೋ ತೆಗೆದು ಅಕ್ಕನಿಗೆ ಕಳಿಸಿಬಿಟ್ಟೆ: “ನೋಡು, ಸರ್ಕಾರ ಏನು ಹೇಳಿದೆ ಅಂತ!” ಆಮೇಲೆ ಕನ್ನಡಕ ಸಿಕ್ತು. ‘ಹವಾಮಾನ ವೈಪರೀತ್ಯದಿಂದ ವಿಮಾನ ರದ್ದಾಗಿದ್ದು, ಅದೇ ದಿನ ಬದಲಿ ವಿಮಾನ ಒದಗಿಸಲಾಗಿರುತ್ತದೆ. ದೂರುದಾರರು ತಮ್ಮದೇ ವಿಳಂಬದಿಂದ ಪ್ರಯಾಣ ತಪ್ಪಿಸಿಕೊಂಡಿರುತ್ತಾರೆ. ಪರಿಹಾರಕ್ಕೆ ಅರ್ಹರಲ್ಲ.’

ಅಕ್ಕನ ಉತ್ತರ ಬಂತು. “ಸರ್ಕಾರಕ್ಕೂ ಗೊತ್ತಾಯ್ತಲ್ಲೋ ನಿನ್ನ ಬಂಡವಾಳ.” ಅಲ್ಲಿಂದೀಚೆಗೆ ಅವಳ ಫೋನೇ ಇಲ್ಲ.

ಬೆಳಿಗ್ಗೆ ಕೆಟ್ಟಿದ್ದ ಆಕಾಶಾನ ಮಧ್ಯಾಹ್ನದೊಳಗೆ ರಿಪೇರಿ ಮಾಡಿದೋರು ಯಾರು ಮಾನ್ಯರೇ? ಅದೇ ರನ್‌ವೇಯಲ್ಲಿ ಬೇರೆಯವರಿಗೆ ಬಿಸಿಲು, ಈ ಕಂಪನಿಗೆ ಮಾತ್ರ ಬಿರುಗಾಳಿನಾ? ಕೌಂಟರಿನ ಮೇಲೆ ಕ್ಯಾಮೆರಾ ಕಣ್ಣು ಬಿಟ್ಕೊಂಡು ಕೂತಿತ್ತಲ್ಲ, ಅದರಲ್ಲಿ ಏನಿದೆ ಅಂತ ಒಂದು ಸಲ ಕೇಳಿದ್ರಾ? ಕಂಪನಿ ಹೇಳಿದ ಅಳತೆಗೆ ನೀವು ತೀರ್ಪು ಹೊಲಿದು ಕೊಟ್ರಿ. ನಾನಾದ್ರೂ ಟ್ರಯಲ್ ನೋಡ್ತೀನಿ.

ನಾನು ದೊಡ್ಡ ಮನಸ್ಸಿನವನಲ್ಲ, ಮರೆತುಬಿಡೋ ಜಾತಿನೂ ಅಲ್ಲ. ನನ್ನ ಅಂಗಡಿ ಮುಂದೆ ಸಿಗ್ನಲ್ ಇದೆ. ನಿಮ್ಮ ಕಾರು ದಿನಾ ಬೆಳಿಗ್ಗೆ ಅಲ್ಲೇ ನಿಲ್ಲುತ್ತೆ. ಆ ಗೌನನ್ನ ಗಾಜಿನ ಶೋಕೇಸಲ್ಲಿ ಗೊಂಬೆಗೆ ಹಾಕಿ ನಿಲ್ಲಿಸಿದೀನಿ, ಮುಖ ರಸ್ತೆಗೆ. ಅದರ ಎದೆ ಮೇಲೆ ನಿಮ್ಮ ತೀರ್ಪು, ಸಹಿ ಸಮೇತ, ಕಾರಿನಿಂದ್ಲೂ ಓದೋಷ್ಟು ದೊಡ್ಡದು ಮಾಡಿಸಿ ಅಂಟಿಸಿದೀನಿ. ಬಂದ ಗಿರಾಕಿಗೆಲ್ಲ ಮೊದಲು ಈ ಕಥೆ, ಆಮೇಲೆ ಅಳತೆ. ಮೊನ್ನೆ ನೀವು ಓದಿದ್ದು ನೋಡಿದೆ. ಕಾರಿನ ಗಾಜು ಏರಿಸ್ಕೊಂಡ್ರಿ. ಪರವಾಗಿಲ್ಲ, ಗಾಜಿನಿಂದ್ಲೂ ಕಾಣುತ್ತೆ.

ಕಂಪನಿಯಿಂದ ಪರಿಹಾರ ವಸೂಲಿ ಮಾಡಿ, ನನಗೊಬ್ಬನಿಗೇ ಅಲ್ಲ, ಆವತ್ತು ಆ ಸಾಲಲ್ಲಿ ನಿಂತಿದ್ದವರಿಗೆಲ್ಲ. ಆದ್ರೆ ಅದಕ್ಕೆ ಮೊದಲು ‘ತಮ್ಮದೇ ವಿಳಂಬದಿಂದ’ ಅನ್ನೋದನ್ನ ಹೊಡೆದುಹಾಕಿ, ಅದೇ ಸಹಿ, ಅದೇ ಮೊಹರು ಹಾಕಿ, ನನ್ನ ಅಕ್ಕನ ವಿಳಾಸಕ್ಕೆ ಕಳಿಸಿ. ನನ್ನ ಮಾತು ಅವಳು ನಂಬಲ್ಲ, ನಿಮ್ಮದು ನಂಬ್ತಾಳೆ. ಅವಳು ಫೋನ್ ಮಾಡಿ “ಲೋ” ಅಂದ ದಿನ ಗೌನು ಇಳಿಸ್ತೀನಿ. ಅಲ್ಲಿವರೆಗೂ ಧೂಳು ಕೊಡವ್ತಾ ಇರ್ತೀನಿ, ಸಿಗ್ನಲ್ಲಂತೂ ಕೆಂಪಾಗ್ತಾನೇ ಇರುತ್ತೆ.

ಇಂತಿ,
ಹುಟ್ಟಿದಾಗಿಂದ ಒಂದೇ ಒಂದು ಸಲ ಟೈಮಿಗೆ ಹೊಲಿದು ಮುಗಿಸಿದ,
ಆ ಸಲಾನೇ ಸಿಕ್ಕಿಬಿದ್ದ ಟೈಲರು